ಗಿರಣಿ ಕಾಲೊನಿಯಿಂದ ಯಾರೂ ಬರುವುದಿಲ್ಲ

"ಮೀನು ಮಾರ್ಕೆಟ್ ಹಿಂದಿನ ಓಣಿಲಿ ಮನೆನಾ? ಅಯ್ಯೋ, ಬೇಡ ಸಿಸ್ಟ್ರೇ! ಅಲ್ಲಿಯವರು ಮಾತಿಗೆ ಮುಂಚೆ ಬಾಟ್ಲಿ ಒಡೀತಾರೆ," ಎಂದ ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರಣ್ಣ, ರೋಗಿಯ ತಲೆಯನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡು.

"ಬಾಟ್ಲಿ ಅಲ್ಲ ಸ್ವಾಮಿ, ಸ್ಟೂಲು," ಎಂದು ಆ ತಲೆಯೇ ತಿದ್ದಿತು.

"ಅಲ್ಲಾಡಬೇಡಿ, ಸೂಜಿ ಕಣ್ಣಿಗೆ ಹೋದೀತು," ಎಂದು ನರ್ಸಮ್ಮ ಗದರಿಸಿ ನಾಲ್ಕನೇ ಹೊಲಿಗೆ ಎಳೆದಳು. ಹಣೆಯ ಚರ್ಮ ಎರಡು ಬೆರಳಗಲ ಬಿರಿದು ಒಳಗಿನ ಬಿಳಿ ಮೂಳೆ ಕಾಣುತ್ತಿತ್ತು. "ಯಾರು ಹೊಡೆದದ್ದು?"

"ನನ್ನ ಭಾವಮೈದ. ಅಗೋ, ಬಾಗಿಲಲ್ಲಿ ನಿಂತು ಅಳ್ತಾ ಇದ್ದಾನಲ್ಲ, ಅವನೇ. ಹೊತ್ಕೊಂಡು ಬಂದವನೂ ಅವನೇ."

ಬಾಗಿಲಲ್ಲಿ ಭಾವಮೈದ ಒಬ್ಬನೇ ಇರಲಿಲ್ಲ. ಓಣಿಯ ಏಳೆಂಟು ಜನ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು, ತಪ್ಪು ಯಾರದು ಎಂದು ಆಸ್ಪತ್ರೆಯೇ ಎದ್ದು ಕೂರುವ ಹಾಗೆ ಕಿರುಚುತ್ತಿದ್ದರು. ನರ್ಸಮ್ಮ ಕೈ ತೊಳೆದುಕೊಂಡು ಗೋಡೆಯಲ್ಲಿ ನೇತಾಡುತ್ತಿದ್ದ ಊರಿನ ನಕ್ಷೆಯ ಹತ್ತಿರ ಹೋದಳು. ಮೀನು ಮಾರ್ಕೆಟ್ಟಿನ ಹಿಂದಿನ ಓಣಿಗೆ ಇನ್ನೊಂದು ಕೆಂಪು ಗುರುತು ಹಾಕಿದಳು. ಅಲ್ಲಿ ಈಗಾಗಲೇ ಹದಿನಾರು ಇದ್ದವು.

ವರ್ಗವಾಗಿ ಈ ಮಹಾನಗರಕ್ಕೆ ಬಂದು ಅವಳಿಗೆ ಹನ್ನೆರಡು ದಿನವಾಗಿತ್ತು. ದರ್ಜಿ ಗಂಡ, ಅವನ ಹೊಲಿಗೆ ಯಂತ್ರ, ಎರಡು ಟ್ರಂಕು, ಎಲ್ಲವೂ ಅವನ ಅಕ್ಕನ ಅಡುಗೆಮನೆಯಲ್ಲಿ ಬಿಡಾರ ಹೂಡಿದ್ದವು. ಒಂಬತ್ತು ವರ್ಷದ ಮಗಳು ಇನ್ನೂ ಹಿಂದಿನ ಊರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಶಾಲೆ ಶುರು. ತಾಯಿಗೆ ಪಾಳಿ, ತಂದೆಗೆ ಯಂತ್ರದಿಂದ ಏಳಲು ಪುರುಸೊತ್ತಿಲ್ಲ. ಹುಡುಗಿ ಒಬ್ಬಳೇ ನಡೆದು ಹೋಗಬೇಕು, ಒಬ್ಬಳೇ ನಡೆದು ಬರಬೇಕು. ಮನೆ ಹುಡುಕುವವರು ನೀರು, ಗಾಳಿ, ಬಸ್ಸು ಎಂದು ಕೇಳುತ್ತಾರೆ. ನರ್ಸಮ್ಮನಿಗಿದ್ದದ್ದು ಒಂದೇ ಪ್ರಶ್ನೆ: ಯಾವ ಬೀದಿಯಲ್ಲಿ ಜನ ಜನರನ್ನು ಹೊಡೆಯುವುದಿಲ್ಲ?

ಉತ್ತರ ಅವಳ ಮೇಜಿನ ಮೇಲೆಯೇ ಇತ್ತು. ಹೊಡೆದಾಟದ ಗಾಯಗಳನ್ನು ಬರೆಯುವ ರಿಜಿಸ್ಟರಿನಲ್ಲಿ 'ಗಾಯವಾದ ಸ್ಥಳ' ಎಂಬ ಅಂಕಣವಿತ್ತಲ್ಲ! ಪಾಳಿ ಮುಗಿದ ಮೇಲೆ ಕೂತು ಅವಳು ಆರು ತಿಂಗಳ ಹಾಳೆಗಳನ್ನು ತಿರುವಿ, ಪ್ರತಿ ಗಾಯಕ್ಕೂ ನಕ್ಷೆಯಲ್ಲಿ ಒಂದು ಕೆಂಪು ಗುರುತು ಹಾಕಿದ್ದಳು. ಬಸ್ ನಿಲ್ದಾಣದ ಸುತ್ತಮುತ್ತ ಬ್ಲೇಡಿನ ಗೀರು. ರೈಲ್ವೆ ಗೇಟಿನ ಕಡೆ ಮುರಿದ ಹಲ್ಲು, ಒಡೆದ ದವಡೆ. ದೊಡ್ಡ ಬಂಗಲೆಗಳ ಬಡಾವಣೆಯಿಂದ ಬಚ್ಚಲಲ್ಲಿ ಜಾರಿ ಬಿದ್ದ ಹೆಂಗಸರು. ಅವರಲ್ಲಿ ಒಬ್ಬಾಕೆ ಒಂದೇ ತಿಂಗಳಲ್ಲಿ ಮೂರು ಸಲ ಜಾರಿದ್ದಳು, ಮೂರು ಸಲವೂ ಕತ್ತಿನ ಮೇಲೆ ಐದು ಬೆರಳಿನ ಗುರುತು. ನಕ್ಷೆಗೆ ದಡಾರ ಎದ್ದ ಹಾಗಾಗಿತ್ತು.

ಒಂದು ಜಾಗ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗೆ ಉಳಿದಿತ್ತು. ಗಿರಣಿ ಕಾಲೊನಿ. ಮುಚ್ಚಿಹೋದ ಬಟ್ಟೆ ಗಿರಣಿಯ ಹಿಂದಿನ ಆರು ಅಡ್ಡರಸ್ತೆ, ನಾನೂರು ಮನೆ, ಒಂದೇ ಒಂದು ಗಾಯವಿಲ್ಲ.

"ಡ್ರೆಸ್ಸರಣ್ಣ, ಇಲ್ಲಿ ಹೇಗೆ?"

ಬಾಯಿ ಬಿಟ್ಟರೆ ಮುಚ್ಚಲು ಮರೆಯುವ ಮನುಷ್ಯ ಅವನು. ಈಗ ಹತ್ತಿಯ ಉಂಡೆಗಳನ್ನು ಎಣಿಸುವವನ ಹಾಗೆ ತಲೆ ತಗ್ಗಿಸಿದ. "ಅಲ್ಲಿಂದ ಯಾರೂ ಬರಲ್ಲ ಸಿಸ್ಟ್ರೇ," ಎಂದ, ಅಷ್ಟೇ.

ಅದನ್ನೇ ಅವಳು ಹೊಗಳಿಕೆ ಎಂದು ತಿಳಿದಳು.

ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಮನೆ ನೋಡಲು ಹೋದರು. ಗುಡಿಸಿದ ರಸ್ತೆ, ಸುಣ್ಣ ಬಳಿದ ಗೋಡೆ, ಬೊಗಳದ ನಾಯಿ. ಎದುರಾದವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮನೆಯ ಒಡೆಯರು ನಿವೃತ್ತ ಮೇಷ್ಟ್ರು, ತೂಕ ಮಾಡಿದ ಹಾಗೆ ಮಾತಾಡುವವರು. ಎರಡು ಕೋಣೆ, ಬೆಳಕು ತುಂಬುವ ದೊಡ್ಡ ಕಿಟಕಿ, ಶಾಲೆ ನೂರು ಹೆಜ್ಜೆ. ಯಂತ್ರ ಎಲ್ಲಿಡಬೇಕೆಂದು ದರ್ಜಿ ಆಗಲೇ ಕೊರಳಲ್ಲಿದ್ದ ಟೇಪು ತೆಗೆದು ಅಳೆಯತೊಡಗಿದ್ದ.

"ನೋಡೇ, ಕಿಟಕಿ ಕೆಳಗೆ ಸರಿಯಾಗಿ ಕೂರುತ್ತೆ! ನಿನ್ನ ನಕ್ಷೆಗೆ ಒಂದು ನಮಸ್ಕಾರ ಕಣೇ," ಎಂದ.

ನರ್ಸಮ್ಮ ಕಿಟಕಿ ನೋಡುತ್ತಿರಲಿಲ್ಲ. ಬೀಗದ ಕೈ ಚಾಚಿದ ಮೇಷ್ಟ್ರ ಮಣಿಕಟ್ಟನ್ನು ನೋಡುತ್ತಿದ್ದಳು. ಮುರಿದ ಮೂಳೆ ಪ್ಲಾಸ್ಟರ್ ಕಾಣದೆ, ಚಮಚ ಬಾಗಿದ ಹಾಗೆ ಸೊಟ್ಟಗೆ ಕೂಡಿಕೊಂಡಿತ್ತು. ನೀರು ತಂದಿಟ್ಟ ಅವರ ಹೆಂಡತಿಯ ಗಲ್ಲದ ಮೇಲೆ ಬೆರಳು ಇಡುವಷ್ಟು ಅಗಲದ ಕಲೆ. ಬೀದಿ ಮೂಲೆಯ ಅಂಗಡಿಯವನ ಕಿವಿ ಎರಡು ಸೀಳಾಗಿ ಒಣಗಿದ್ದುದು ನೆನಪಾಯಿತು. ಹದಿನೈದು ವರ್ಷದಿಂದ ಗಾಯ ನೋಡಿದವಳು ಅವಳು. ಹೊಲಿದ ಗಾಯ ಗೆರೆಯಾಗುತ್ತದೆ, ಹೊಲಿಯದ ಗಾಯ ಹೀಗೆ ಹರಡುತ್ತದೆ. ಈ ಕಾಲೊನಿಯಲ್ಲಿ ಗಾಯ ಇರಲಿಲ್ಲವೆಂದಲ್ಲ, ಹೊಲಿಗೆ ಇರಲಿಲ್ಲ.

"ಮೇಷ್ಟ್ರೇ, ಈ ಕೈಯನ್ನ ಯಾರಿಗೂ ತೋರಿಸಲಿಲ್ವಾ?"

ಅವರು ಅಂಗಿಯ ತೋಳನ್ನು ಕೆಳಕ್ಕೆಳೆದುಕೊಂಡರು. ಅಷ್ಟರಲ್ಲಿ ಬೀದಿಯಲ್ಲಿ ಯಾರೋ "ಈರುಳ್ಳಿ, ಟೊಮೇಟೊ!" ಎಂದು ಕೂಗಿದರು. ಆ ಬೀದಿಯಲ್ಲಿ ಅವಳು ಕೇಳಿದ ಮೊದಲ ಗಟ್ಟಿ ದನಿ ಅದು. ಎರಡನೇ ಸಲ ಕೂಗುವಷ್ಟರಲ್ಲಿ ದನಿ ಅರ್ಧಕ್ಕೇ ತುಂಡಾಯಿತು.

ತಳ್ಳುಗಾಡಿಯ ತರಕಾರಿಯವನನ್ನು ಮೂವರು ನೆಲಕ್ಕೆ ಕೆಡವಿದ್ದರು. ನಾಲ್ಕನೆಯವನ ಕೈಯಲ್ಲಿ ಗಿರಣಿ ಯಂತ್ರದ ಚರ್ಮದ ಪಟ್ಟೆ, ತುದಿಗೆ ಕಬ್ಬಿಣದ ಕೊಂಡಿ. ಅದು ಎದ್ದು ಬಿದ್ದಾಗಲೆಲ್ಲ ಒದ್ದೆ ಬಟ್ಟೆ ಒಗೆದಂಥ ಸದ್ದು. ಬೆನ್ನು ಬಿರಿಯಿತು, ಕೆನ್ನೆ ಹರಿಯಿತು, ಒಬ್ಬ ಅವನ ಎರಡು ಬೆರಳನ್ನು ಗಾಡಿಯ ಚಕ್ರಕ್ಕೆ ಕೊಟ್ಟು ತಳ್ಳಿದ. ಆಮೇಲೆ ಮೊಣಕಾಲ ಕೆಳಗೆ ಒಣ ಸೌದೆ ಮುರಿದ ಹಾಗೆ ಲಟಕ್ಕೆಂದಿತು. ಬೀದಿಯ ಕಿಟಕಿಗಳು ಒಂದರ ಹಿಂದೆ ಒಂದು, ಗಡಿಬಿಡಿಯಿಲ್ಲದೆ, ಅಭ್ಯಾಸವಾದವರ ಹಾಗೆ ಮುಚ್ಚಿಕೊಂಡವು.

"ಕಿಟಕಿ ಹಾಕಮ್ಮ," ಎಂದರು ಮೇಷ್ಟ್ರು. "ಐದು ನಿಮಿಷ. ಈ ಕಾಲೊನಿ ಆಳೋ ದೊಡ್ಡಣ್ಣ ಮಲಗಿರೋ ಹೊತ್ತಲ್ಲಿ ಕೂಗಬಾರದು ಅಂತ ಅವನಿಗೆ ಎರಡು ಸಲ ಹೇಳಿದ್ರು. ಮೂಲೆ ಮನೆಯವನೇ, ಗೊತ್ತಿರಬೇಕಿತ್ತು."

"ಆಸ್ಪತ್ರೆಗೆ?"

"ಆಸ್ಪತ್ರೆಗೆ ಹೋದ್ರೆ ಬರ್ಕೋತಾರೆ. ಬರ್ಕೊಂಡ್ರೆ ಪೊಲೀಸ್ರು ಬರ್ತಾರೆ. ಅದಕ್ಕೇ ಇಲ್ಲಿಂದ ಯಾರೂ ಹೋಗಕೂಡದು ಅಂತ ದೊಡ್ಡಣ್ಣನ ಕಟ್ಟಪ್ಪಣೆ. ನನ್ನ ಮಗ ಒಂದ್ಸಲ ಪೊಲೀಸಿಗೆ ಫೋನ್ ಮಾಡಿದ್ದ." ಸೊಟ್ಟ ಕೈಯನ್ನು ಸ್ವಲ್ಪ ಎತ್ತಿ ತೋರಿಸಿದರು. "ನೀವು ನಿಮ್ಮ ಪಾಡಿಗೆ ಇದ್ರೆ ಏನೂ ತೊಂದ್ರೆ ಇಲ್ಲಮ್ಮ. ಮಕ್ಕಳಿಗಂತೂ ತುಂಬಾ ಒಳ್ಳೇ ಜಾಗ."

ನರ್ಸಮ್ಮ ಬಾಗಿಲ ಕಡೆ ನಡೆದಳು. ದರ್ಜಿ ಅವಳ ತೋಳು ಹಿಡಿದ. "ನಿಂಗೇನು ತಲೆ ಕೆಟ್ಟಿದೆಯಾ? ನಮಗ್ಯಾಕೆ? ಮುಂದಿನ ವಾರ ಮಗು ಬರುತ್ತೆ ಕಣೇ!"

"ಕಾಲಿಂದ ರಕ್ತ ಚಿಮ್ತಾ ಇದೆ ರೀ. ಇನ್ನು ಹತ್ತು ನಿಮಿಷ ಬಿಟ್ರೆ ಸಾಯ್ತಾನೆ. ಬಿಡಿ."

ಅವಳು ರಸ್ತೆಯ ಮೇಲೆ ಮಂಡಿಯೂರಿ ತರಕಾರಿಯವನ ತೊಡೆಸಂದಿಗೆ ಎರಡೂ ಅಂಗೈ ಒತ್ತಿ ಮೈಭಾರವನ್ನೆಲ್ಲ ಹಾಕಿದಳು. ಪಟ್ಟೆಯವನು ಒಂದು ಗಳಿಗೆ ತಬ್ಬಿಬ್ಬಾದ, ಆಮೇಲೆ ಅವಳ ಪಕ್ಕೆಗೆ ಒದ್ದ. ಉಸಿರು ನಿಂತಿತು, ಅಂಗೈ ಮಾತ್ರ ಸರಿಯಲಿಲ್ಲ. "ರೀ, ಬಟ್ಟೆ!" ಎಂದು ಚೀರಿದಳು.

ಅಂಜುಬುರುಕ ಎಂದು ಅಕ್ಕನಿಂದ ಹಿಡಿದು ಊರೆಲ್ಲ ಆಡಿಕೊಳ್ಳುತ್ತಿದ್ದ ದರ್ಜಿ ಬೀದಿಗಿಳಿದು ಬಂದ. ಅಡ್ಡ ಬಂದವನ ಮುಷ್ಟಿ ಬಾಯಿಗೆ ಬಿತ್ತು. ಹಲ್ಲನ್ನು ಉಗಿದು, ಮೈಮೇಲಿನ ಅಂಗಿ ಕಳಚಿ, ಒಂದೇ ಎಳೆತಕ್ಕೆ ತೋಳನ್ನು ಹೊಲಿಗೆಯುದ್ದಕ್ಕೂ ಹರಿದು ಕೊಟ್ಟ. ತೊಡೆಗೆ ಅದನ್ನು ಬಿಗಿದು, ತಕ್ಕಡಿಯ ಕೋಲು ಸಿಕ್ಕಿಸಿ ತಿರುಚಿದರು. ರಕ್ತ ನಿಂತಿತು. ಮುಂದೇನೆಂದು ಅಪ್ಪಣೆ ಕೇಳುವವರ ಹಾಗೆ ಆ ನಾಲ್ವರು ಎದುರು ಮನೆಯ ಕಡೆ ನೋಡುತ್ತಿದ್ದರು. ಇಬ್ಬರೂ ಸೇರಿ ಅವನನ್ನು ಅವನದೇ ಗಾಡಿಯ ಮೇಲೆ, ಈರುಳ್ಳಿ ರಾಶಿಯ ನಡುವೆ, ಮಲಗಿಸಿದರು.

ಆಗ ಎದುರು ಮನೆಯ ಮೆಟ್ಟಿಲಿಳಿದು ದೊಡ್ಡಣ್ಣ ಬಂದ. ನಿದ್ದೆಗಣ್ಣು, ಬನಿಯನ್ನು, ಬರಿಗಾಲು. ಪಟ್ಟೆಯನ್ನು ಕೈಗೆ ತೆಗೆದುಕೊಂಡು ಮೆತ್ತಗೆ ಕೇಳಿದ, "ಯಾಕಮ್ಮ, ನಿಂಗೆ ಯಾರೂ ಹೇಳಲಿಲ್ವಾ? ಈ ಕಾಲೊನಿಯವರು ಆಸ್ಪತ್ರೆಗೆ ಹೋಗಲ್ಲ."

"ನಾನು ಈ ಕಾಲೊನಿಯವಳಲ್ಲ," ಎಂದಳು ನರ್ಸಮ್ಮ.

ಕೊಂಡಿ ಅವಳ ಹುಬ್ಬಿಗೆ ಬಿತ್ತು. ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಕುಸಿದವಳು ಗಾಡಿಯ ಹಿಡಿ ಹಿಡಿದು ಎದ್ದಳು. "ನಾನು ದೊಡ್ಡಾಸ್ಪತ್ರೆ ನರ್ಸು. ಬೆಳಿಗ್ಗೆ ಡ್ಯೂಟಿಗೆ ಬರದಿದ್ರೆ ಹುಡುಕ್ಕೊಂಡು ಬರ್ತಾರೆ. ಒಬ್ಬನನ್ನ ಅಲ್ಲ, ಮೂರು ಜನರನ್ನ ಹೂಳಬೇಕಾಗುತ್ತೆ ನೀನು."

ಒಂದು ಬಾಗಿಲು ತೆರೆಯಿತು. ತರಕಾರಿಯವನ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಓಡಿಬಂದು ಗಾಡಿಯ ಇನ್ನೊಂದು ಹಿಡಿಗೆ ಕೈ ಹಾಕಿದಳು. ದೊಡ್ಡಣ್ಣ ಮೂವರನ್ನೂ, ದರ್ಜಿಯ ಬರಿಮೈ ಮೇಲೆ ನೇತಾಡುತ್ತಿದ್ದ ಟೇಪನ್ನೂ ನೋಡಿ, ಲೆಕ್ಕ ಹಾಕಿ, ಉಗಿದ. "ಹೋಗ್ರಿ. ಮಹಡಿಯಿಂದ ಬಿದ್ದ ಅಂತ ಬರಿಸ್ಬೇಕು. ಬೇರೆ ಏನಾದ್ರೂ ಬರೆದ್ರೆ ಈ ನಿನ್ನ ಗಂಡನ ಕೈ ಇನ್ಮೇಲೆ ಸೂಜಿ ಹಿಡಿಯಲ್ಲ."

ಮುಖ್ಯ ರಸ್ತೆಯವರೆಗೆ ಮೂವರೂ ಗಾಡಿ ತಳ್ಳಿದರು. ಟೊಮೇಟೊ ಉರುಳಿ ಬೀಳುತ್ತಿದ್ದವು, ಎತ್ತಿಕೊಳ್ಳಲು ಒಬ್ಬರೂ ಹೊರಬರಲಿಲ್ಲ.

ತರಕಾರಿಯವನ ಕಾಲು ಉಳಿಯಿತು, ಎರಡು ಬೆರಳು ಹೋದವು. ಡಾಕ್ಟರು ಆ ಕೆಲಸದಲ್ಲಿದ್ದಾಗ ನರ್ಸಮ್ಮನ ಹುಬ್ಬಿಗೆ ಹೊಲಿಗೆ ಹಾಕಿದವನು ಡ್ರೆಸ್ಸರಣ್ಣ. ಹೊಲಿಗೆ ಮುಗಿಸಿ ರಿಜಿಸ್ಟರು ಎಳೆದುಕೊಂಡ.

"ಹೆಂಗಾಯ್ತು ಅಂತ ಬರೀಲಿ?"

ಅವಳು ಗಂಡನ ಕಡೆ ನೋಡಿದಳು. ಬರಿಮೈಯಲ್ಲಿ ಬೆಂಚಿನ ಮೇಲೆ ಕೂತು, ಊದಿದ ತುಟಿಗೆ ಐಸು ಒತ್ತಿಕೊಂಡಿದ್ದ ದರ್ಜಿ ತನ್ನ ಹತ್ತು ಬೆರಳನ್ನೂ ಒಮ್ಮೆ ತಿರುಗಿಸಿ ನೋಡಿಕೊಂಡ. "ಇದ್ದದ್ದು ಇದ್ದ ಹಾಗೆ ಬರೆಸು," ಎಂದ.

"ಗಿರಣಿ ಕಾಲೊನಿ, ಮೂರನೇ ಅಡ್ಡರಸ್ತೆ. ಚರ್ಮದ ಪಟ್ಟೆಯಿಂದ. ನೋಡಿದವರು ನಾವು ಮೂರು ಜನ."

ಪೆನ್ನು ಹಾಳೆಗೆ ತಾಗಲಿಲ್ಲ. "ಸಿಸ್ಟ್ರೇ, ನಂದೂ ಅಲ್ಲೇ ಮನೆ. ಐದನೇ ಅಡ್ಡರಸ್ತೆ. ಹೆಂಡತಿ ಮಕ್ಕಳು ಈಗ ಅಲ್ಲೇ ಇದ್ದಾರೆ."

"ಮತ್ತೆ ಅವತ್ತು ಕೇಳಿದ್ರೆ ಯಾರೂ ಬರಲ್ಲ ಅಂದೆಯಲ್ಲೋ!"

"ಸುಳ್ಳು ಹೇಳಲಿಲ್ಲವಲ್ಲ. ಅದಕ್ಕಿಂತ ಹೆಚ್ಚು ಹೇಳೋ ಧೈರ್ಯ ಇರಲಿಲ್ಲ." ಅವನು ಮೂಗು ಒರೆಸಿಕೊಂಡ. "ಈ ಕೈಯಿಂದ ಊರಿಗೆಲ್ಲ ಪಟ್ಟಿ ಕಟ್ತೀನಿ. ಪಕ್ಕದ ಮನೆಯವನ ತಲೆ ಒಡೆದಾಗ ಕಿಟಕಿ ಹಾಕ್ಕೊಂಡೆ." ಆಮೇಲೆ ಎದ್ದು ಗೋಡೆಯ ಫೋನು ತೆಗೆದು, ಮಕ್ಕಳನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲೇ ತವರಿಗೆ ಹೊರಡು ಎಂದು ಹೆಂಡತಿಗೆ ಹೇಳಿದ. ವಾಪಸ್ಸು ಬಂದು ಕೂತು ದಪ್ಪ ಅಕ್ಷರದಲ್ಲಿ ಬರೆದ. ಗಿರಣಿ ಕಾಲೊನಿ. "ನಿಮಗೆ ಹುಡುಕುವಾಗ ನಂಗೂ ಒಂದು ಮನೆ ಹುಡುಕಿ, ಪುಣ್ಯ ಬರುತ್ತೆ," ಎಂದ.

ಮನೆ ಹುಡುಕಿಕೊಟ್ಟವನು ಸ್ಟೂಲಿನ ಏಟು ತಿಂದವನು. ಬುಧವಾರ ಹೊಲಿಗೆ ಬಿಚ್ಚಿಸಿಕೊಳ್ಳಲು ಭಾವಮೈದನ ಹೆಗಲ ಮೇಲೆ ಕೈಹಾಕಿಕೊಂಡು ಬಂದಿದ್ದ. ತಮ್ಮ ಓಣಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಮನೆ ಖಾಲಿ ಇವೆ ಎಂದ. ಗೋಡೆ ತೆಳ್ಳಗೆ, ಮೀನಿನ ವಾಸನೆ, ಕಿವಿಗೆ ನಿದ್ದೆಯಿಲ್ಲ.

"ಇವರು ಹೊಡೆದಾಡ್ತಾರೆ ಅಂತ ನೀನೇ ಹದಿನೇಳು ಗುರುತು ಹಾಕಿದ್ದೆ," ಎಂದು ನೆನಪಿಸಿದ ದರ್ಜಿ, ಹಲ್ಲಿಲ್ಲದ ಸಂದಿಯಲ್ಲಿ ನಾಲಿಗೆ ಆಡಿಸುತ್ತ.

"ಹದಿನೇಳು ಜನರನ್ನೂ ಹೊತ್ಕೊಂಡು ಬಂದಿದ್ರಲ್ಲ ರೀ," ಎಂದಳು ಅವಳು.

ಸೋಮವಾರ ಬೆಳಿಗ್ಗೆ ಮಗಳು ಚೀಲ ಬೆನ್ನಿಗೇರಿಸಿ ಹೊಸ ಮನೆಯ ಹೊಸ್ತಿಲಲ್ಲಿ ನಿಂತು, "ಅಮ್ಮಾ, ನಿನ್ನ ಹುಬ್ಬು ಯಾಕೆ ಹಾಗಿದೆ?" ಎಂದಳು.

"ಮನೆ ನೋಡೋಕೆ ಹೋಗಿದ್ದೆ. ಹೊತ್ತಾಯ್ತು, ನಡಿ."

ಹುಡುಗಿ ಓಣಿಗಿಳಿದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಎದುರು ಮನೆಯ ಬಾಗಿಲಿನಿಂದ ಸ್ಟೂಲೊಂದು ಹಾರಿಬಂದು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡಿತು. ಅದರ ಸದ್ದು ಅಡಗುವ ಮೊದಲೇ ಓಣಿಯ ಅಷ್ಟೂ ಕಿಟಕಿಗಳು ಧಡಧಡನೆ ತೆರೆದವು.