ಹಾಡುವವನ ಕಡೆಗೆ ಮುಖ ಮಾಡಿ

ಇನ್ನೂ ಏರಿಸಲೋ, ಬೇಡವೋ? ಈಗಾಗಲೇ ಜಾಸ್ತಿಯಾಗಿದೆ. ಇಷ್ಟು ಸದ್ದಿಗೆ ಎದುರು ನಿಂತವನ ತಲೆ ಸಿಡಿಯಬೇಕು. ಆದರೂ ಇವನು ಹೆಬ್ಬೆರಳು ಮೇಲೆತ್ತಿ ಇನ್ನೂ ಬೇಕು ಅನ್ನುತ್ತಿದ್ದಾನೆ. ಇವನಿಗೆ ಕೇಳಿಸುತ್ತಿದೆಯೋ, ಇಲ್ಲವೋ?

ಮಿಕ್ಸರಿನ ಮುಂದೆ ಕೂತ ಗುರುಸಿದ್ಧನ ಮನಸ್ಸಿನಲ್ಲಿ ಇದು ಓಡುತ್ತಿತ್ತು ಎಂದು ನನಗೆ ತಿಳಿದದ್ದು ಅವನ ಬೆರಳಿನಿಂದ. ಅದು ಗುಂಡಿಯ ಮೇಲೆ ತಡೆದದ್ದು, ತುಸು ಇಳಿದದ್ದು, ಮತ್ತೆ ಏರಿದ್ದು ಎಲ್ಲವೂ ತಂತಿಗುಂಟ ನೇರ ನನ್ನ ಎದೆಗೇ ಬರುತ್ತಿತ್ತು. ಕೊನೆಗೆ ಏರಿಸಿದ. ಅವನು ಯಾವಾಗಲೂ ಕೊನೆಗೆ ಏರಿಸಿಯೇ ಬಿಡುತ್ತಿದ್ದ.

ನಾನು ಒಂದು ಮಾನಿಟರ್. ವೇದಿಕೆಯ ಎರಡೂ ಬದಿಗೆ ಆಳೆತ್ತರ ನಿಂತು ಊರಿಗೆಲ್ಲ ಕೇಳುವಂತೆ ಕೂಗುವ ಸ್ಪೀಕರುಗಳು ಬೇರೆ. ನಾನು ಹಾಡುವವನ ಕಾಲ ಬಳಿ, ಜನರಿಗೆ ಬೆನ್ನು ಕೊಟ್ಟು, ಅವನ ಕಡೆಗೆ ಮುಖವೆತ್ತಿ ಕೂರುವ ಪೆಟ್ಟಿಗೆ. ಅವನ ದನಿಯನ್ನು ಅವನಿಗೇ ಕೇಳಿಸುವುದು ನನ್ನ ಕೆಲಸ. ಆದ್ದರಿಂದ ನಾನು ಜನಜಂಗುಳಿಯನ್ನು ಕಂಡವನಲ್ಲ. ಕಂಡದ್ದು ಗದ್ದ, ಗಂಟಲು, ಬೆವರು.

ಹುಟ್ಟಿದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ಮೌನೇಶಪ್ಪ ಬಡಿಗೇರರ ಅಂಗಡಿಯಲ್ಲಿ. ತೊಟ್ಟಿಲು, ಬಾಗಿಲ ಚೌಕಟ್ಟು ಮಾಡುತ್ತಿದ್ದ ಮನುಷ್ಯ. ಆಗಷ್ಟೇ ಸೌಂಡ್ ಸರ್ವಿಸ್ ಶುರು ಮಾಡಿದ್ದ ಗುರುಸಿದ್ಧ ಒಂದು ಚಿತ್ರ ತಂದು ಮುಂದಿಟ್ಟು ಹೀಗೇ ಬೇಕೆಂದ. ಮೌನೇಶಪ್ಪ ಚಿತ್ರವನ್ನು ಅಡ್ಡಡ್ಡ ತಿರುಗಿಸಿ ನೋಡಿದರು.

"ಇದರ ಮಾರಿ ಯಾಕ ಮ್ಯಾಲ ಐತಿ?"

"ಹಾಡಾಂವನ್ನ ನೋಡಬೇಕಲ್ರಿ."

"ಮಂದೀನ ನೋಡೂದಿಲ್ಲೇನು?"

"ಇಲ್ರಿ."

"ಹಂಗಾರ ಪುಣ್ಯಾ ಮಾಡೇತಿ ಬಿಡು" ಎಂದು ಅವರು ಪ್ಲೈವುಡ್ಡಿಗೆ ಗರಗಸ ಹಚ್ಚಿದರು. ಸ್ಕೂಟರ್ ಸೀಟು ಹೊಲಿಯುವವನ ಬಳಿ ಉಳಿದಿದ್ದ ಕಪ್ಪು ರೆಕ್ಸಿನ್ ನನ್ನ ಚರ್ಮವಾಯಿತು.

ಮೊದಮೊದಲು ಮದುವೆ, ಗಣಪತಿ, ಆರ್ಕೆಸ್ಟ್ರಾ ಎಂದು ತಿರುಗಿದೆ. ಆಮೇಲೆ ಫಕೀರೇಶ ಬಂದ. ರೈಲ್ವೆ ವರ್ಕ್‌ಶಾಪಿನ ಖಲಾಸಿಯೊಬ್ಬರ ಮಗ. ಗಿಟಾರು ಹಿಡಿದು, ತನ್ನ ಓಣಿಯಲ್ಲಿ ಮಾತಾಡುವ ಕನ್ನಡದಲ್ಲೇ ರಾಕ್ ಹಾಡುತ್ತಿದ್ದ. ಅವನ ಮೊದಲ ಕಾರ್ಯಕ್ರಮದಲ್ಲಿ ಜನ ನಕ್ಕರು. ಎರಡನೆಯದರಲ್ಲಿ ಕಡಿಮೆ ನಕ್ಕರು. ಕೆಲವೇ ವರ್ಷಗಳಲ್ಲಿ ರಾಣೆಬೆನ್ನೂರು, ಗದಗ, ಬೆಳಗಾವಿಯ ಹುಡುಗರು ಅವನಂತೆ ಕೂದಲು ಬಿಟ್ಟರು.

ಅವನಿಗೊಂದು ಚಾಳಿಯಿತ್ತು. ಹಾಡು ಏರುವ ಹೊತ್ತಿಗೆ ಬಲಗಾಲನ್ನು ನನ್ನ ಮೇಲೆ ಇಡುತ್ತಿದ್ದ. ಗುರುಸಿದ್ಧ ಖಂಡೇನವಮಿಯ ಆಯುಧಪೂಜೆಗೆ ನಮಗೆಲ್ಲ ವಿಭೂತಿ ಬಳಿದು, ಸೇವಂತಿಗೆ ಏರಿಸಿ, ಕಾಯಿ ಒಡೆಯುತ್ತಿದ್ದ. ಅದರ ಮರುದಿನವೇ ಒಂದು ಕಾರ್ಯಕ್ರಮ. ಕಾಯಿಯ ನೀರಿನ್ನೂ ನನ್ನ ಮೇಲೆ ಅಂಟಂಟಾಗಿತ್ತು. ಫಕೀರೇಶ ಬೂಟುಗಾಲು ಇಟ್ಟ. ಗುರುಸಿದ್ಧ ಮಿಕ್ಸರ್ ಬಿಟ್ಟು ವೇದಿಕೆಗೇ ಬಂದ.

"ನಿನ್ನೆ ಪೂಜಿ ಮಾಡೀನಿ, ಇವತ್ತ ಬೂಟ ಇಡತೀಯೇನಲೇ?"

ಫಕೀರೇಶ ಅಲ್ಲೇ ಕೂತು ಬೂಟು ಬಿಚ್ಚಿದ, ನನಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡ, ಮತ್ತೆ ಬರಿಗಾಲು ಇಟ್ಟ. "ಈಗ ಮಡೀಲೆ ಇಟ್ಟೀನಿ" ಎಂದ. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅವನು ಬರಿಗಾಲಲ್ಲೇ ಹಾಡಿದ. ನನ್ನ ಮೇಲಿಟ್ಟ ಆ ಬರಿಗಾಲು ಅಭಿಮಾನಿಗಳಿಗೆ ಗುರುತಾಯಿತು. ಆಟೋಗಳ ಹಿಂದೆ, ಕಾಲೇಜಿನ ಗೋಡೆಯ ಮೇಲೆ ಅದನ್ನೇ ಬರೆದರು. ಅದು ಅವನ ಗತ್ತು ಎಂದರು.

ಗತ್ತೇ ಆಗಿತ್ತು, ಬಹಳ ವರ್ಷ. ಕೊನೆಯ ಎರಡು ವರ್ಷ ಆಗಿರಲಿಲ್ಲ.

ಮೊದಲೆಲ್ಲ ಒಂದೆರಡು ಸಾಲಿಗೆ ಕಾಲಿಟ್ಟು ಓಡಿಹೋಗುತ್ತಿದ್ದವನು ಆಗ ಇಟ್ಟ ಕಾಲನ್ನು ತೆಗೆಯುತ್ತಲೇ ಇರಲಿಲ್ಲ. ಪಾದ ನನ್ನ ಮೇಲೆ ಹುಡುಕಾಡುತ್ತಿತ್ತು. ಬಡಿತ ಎಲ್ಲಿ ಗಟ್ಟಿಯಾಗಿ ತಾಗುತ್ತದೋ ಅಲ್ಲಿ ನಿಲ್ಲುತ್ತಿತ್ತು. ಡ್ರಮ್ಮಿನವನು ಶುರು ಮಾಡಿದ್ದನ್ನು ಅವನು ಕಿವಿಯಿಂದಲ್ಲ, ಹಿಮ್ಮಡಿಯಿಂದ ತಿಳಿದುಕೊಳ್ಳುತ್ತಿದ್ದ. ಯಾರಾದರೂ ಮಾತಾಡಿಸಿದರೆ ಅವರ ಕಣ್ಣು ನೋಡುವುದನ್ನು ಬಿಟ್ಟು ತುಟಿ ನೋಡುತ್ತಿದ್ದ. ಮಾತು ಕಡಿಮೆ ಮಾಡಿದ. ಜನ ಅದಕ್ಕೂ ಒಂದು ಅರ್ಥ ಕಟ್ಟಿದರು. ದೊಡ್ಡವನಾದ, ಮೌನಿಯಾದ ಎಂದರು.

ಕಾರ್ಯಕ್ರಮ ಮುಗಿದು ಮೈದಾನ ಖಾಲಿಯಾದ ಮೇಲೆ ಇಬ್ಬರೂ ನನ್ನ ಅಕ್ಕಪಕ್ಕ ಕೂತು ಕೇಬಲ್ ಸುತ್ತುತ್ತಿದ್ದರು. ಗುರುಸಿದ್ಧ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಫಕೀರೇಶ ಕೂಡಲೇ ಅವನ ತುಟಿಯ ಕಡೆ ನೋಡುತ್ತಿದ್ದ. ಆ ನೋಟ ಕಂಡು ಗುರುಸಿದ್ಧ ಮಾತು ಬದಲಿಸಿ, ಈ ವಾಯರು ಹಳೆಯದಾಯಿತು, ಬೇರೆ ತರಬೇಕು ಎನ್ನುತ್ತಿದ್ದ.

ಒಂದು ಬೆಳಿಗ್ಗೆ ಫಕೀರೇಶ ಹಾಲು ತರಲು ತನ್ನ ಮನೆಯಿದ್ದ ಕಾಲೊನಿಯ ಹಿಂದಿನ ರೈಲು ಹಳಿ ದಾಟುತ್ತಿದ್ದ. ಅಲ್ಲಿ ಎಲ್ಲರೂ ದಾಟುತ್ತಾರೆ. ಗೂಡ್ಸ್ ಗಾಡಿ ಬಂತು. ಕಂಡವರು ಹೇಳಿದ್ದು ಒಂದೇ ಮಾತು: ಅಷ್ಟು ಹಾರ್ನ್ ಹೊಡೆದರೂ ಸರಿಯಲಿಲ್ಲ, ತಿರುಗಿ ಸಹ ನೋಡಲಿಲ್ಲ.

ಆ ಒಂದು ಮಾತಿನಿಂದ ಮಧ್ಯಾಹ್ನದ ಹೊತ್ತಿಗೆ ಊರು ತೀರ್ಮಾನ ಮಾಡಿತ್ತು. ಗುರುಸಿದ್ಧನ ಅಂಗಡಿಗೆ ಹುಡುಗರು ಬಂದರು. ಕೆಲವರು ನನ್ನ ಮೇಲೆ ತಲೆಯಿಟ್ಟು ಅತ್ತರು. ಆಟೋದವರು ಗಾಡಿ ನಿಲ್ಲಿಸಿ ಸುಮ್ಮನೆ ಕೂತರು. ಅವನು ಬೇಕೆಂದೇ ಹೋದ, ಸಾವಿಗೂ ದಾರಿ ಬಿಡಲಿಲ್ಲ ಎಂದು ಅವರವರೇ ಹೇಳಿಕೊಂಡರು. ಸಾಕ್ಷಿಗೆ ಅವನದೇ ಒಂದು ಹಾಡು ಹಿಡಿದರು, 'ಸಾಕಬೇ ಸಾಕು.' ಬದುಕು ಸಾಕೆಂದು ಮೊದಲೇ ಹೇಳಿದ್ದ, ನಮಗೆ ತಿಳಿಯಲಿಲ್ಲ ಎಂದರು. ನಿಜವಾಗಿ 'ಸಾಕಬೇ' ಎಂದರೆ ಸಾಕವ್ವಾ; ಅದು ಅವನು ಬೇಡವೆಂದರೂ ತಾಯಿ ತಾಟಿಗೆ ರೊಟ್ಟಿ ಹಾಕುತ್ತಿದ್ದುದರ ಮೇಲೆ ಕಟ್ಟಿದ ವೇಗದ ತಮಾಷೆ ಹಾಡು. ಅದನ್ನು ಹಾಡುವಾಗ ಅವನು ಹೊಟ್ಟೆ ಹಿಡಿದುಕೊಂಡು ಕುಣಿಯುತ್ತಿದ್ದ.

ವರ್ಷ ತುಂಬಿದ ದಿನ ಹಳೇ ಗಿರಣಿಯ ಮೈದಾನದಲ್ಲಿ ಸ್ಮರಣೆ ಇಟ್ಟರು. ಅಭಿಮಾನಿ ಬಳಗದ ಮುಂದಾಳು ಸಚ್ಚಿದಾನಂದ ಹೂಗಾರ ಎಂಬ ಯುವಕ. ಹೂವಿನ ವ್ಯಾಪಾರದ ಮನೆಯವನು, ಎಲ್ಲರೂ ಸಚ್ಚಿ ಎನ್ನುತ್ತಿದ್ದರು. ತಾನೇ ಕಟ್ಟಿದ ಮಾಲೆ ತಂದು ನನಗೆ ಹಾಕಿದ. ನನಗೆ ತಂತಿ ಜೋಡಿಸಲಿಲ್ಲ. ಜನರಿಗೆ ಚಂದ ಕಾಣಲೆಂದು ನನ್ನನ್ನು ಅವರ ಕಡೆಗೆ ತಿರುಗಿಸಿ ಇಟ್ಟರು.

ಹುಟ್ಟಿದ ಮೇಲೆ ಮೊದಲ ಸಲ ನಾನು ವೇದಿಕೆಯಿಂದ ಜನರನ್ನು ಕಂಡೆ. ಸೀಟಿ ಹೊಡೆಯುವವರೆಂದರೆ ಬೇರೆ ಏನೋ ಎಂದುಕೊಂಡಿದ್ದೆ. ಖಾಕಿ ಅಂಗಿಯಲ್ಲೇ ಬಂದ ಆಟೋದವರಿದ್ದರು. ಕೂಸನ್ನು ಹೆಗಲಿಗೆ ಹಾಕಿಕೊಂಡ ಹೆಣ್ಣುಮಗಳಿದ್ದಳು. ಎಲ್ಲರ ಮುಖದಲ್ಲೂ ದಿನವಿಡೀ ದುಡಿದ ದಣಿವು. ಒಬ್ಬೊಬ್ಬರೇ ಬಂದು ಚಪ್ಪಲಿ ಕಳಚಿ ಬಲಗಾಲನ್ನು ನನ್ನ ಮೇಲಿಟ್ಟು ಫೋಟೋ ತೆಗೆಸಿಕೊಂಡರು. ಎಷ್ಟೋ ಪಾದ. ಒಂದೂ ಹುಡುಕಾಡಲಿಲ್ಲ.

ಆಮೇಲೆ 'ಸಾಕಬೇ ಸಾಕು' ಹಾಡಿದರು, ನಿಧಾನಕ್ಕೆ, ಎಳೆದು ಎಳೆದು, ಕಣ್ಣು ಮುಚ್ಚಿ. ಸಚ್ಚಿ ಮೈಕು ಹಿಡಿದು, ನಮ್ಮ ಫಕೀರೇಶಣ್ಣ ರೈಲಿಗೂ ದಾರಿ ಬಿಡಲಿಲ್ಲ ಎಂದ. ಮೈದಾನವೆಲ್ಲ ಎದ್ದು ಕೂಗಿತು.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಫಕೀರೇಶನ ಅಕ್ಕ ನೀಲವ್ವ. ಬ್ಲೌಸ್ ಹೊಲಿದು ತಮ್ಮನನ್ನು ಓದಿಸಿದವಳು, ಅವನು ಅವಳ ಮನೆಯಲ್ಲೇ ಇದ್ದ. ವೇದಿಕೆಯ ಪಕ್ಕಕ್ಕೆ ಬಂದು, ಗುರುಸಿದ್ಧ ಕೂತಿದ್ದ ಕಡೆ ಕೇಬಲ್ ಪೆಟ್ಟಿಗೆಯ ಮೇಲೆ ಕೂತಳು.

"ಗುರುಸಿದ್ಧಣ್ಣಾ, ಅಂವ ಬೇಕಂತನ ನಿಂತನೇನು?"

"ಜನಾ ಏನರ ಅಂತಾರ ಬಿಡ್ರಿ ಅಕ್ಕಾರ."

"ನಾ ಜನರನ್ನ ಕೇಳಾಕತ್ತಿಲ್ಲ."

ಅವನು ತಲೆ ತಗ್ಗಿಸಿ ಗುಂಡಿಗಳನ್ನು ನೋಡಿದ. ಅವಳು ಮತ್ತೆ ಕೇಳಲಿಲ್ಲ. ಮರುವರ್ಷ ಸ್ಮರಣೆಗೆ ಬರಲೂ ಇಲ್ಲ.

ಅಷ್ಟರಲ್ಲಿ ಹಾಡುವವರು ತಮ್ಮ ದನಿ ಕೇಳಲು ಕಿವಿಯಲ್ಲೇ ಗುಂಡಿಯಷ್ಟು ಸಣ್ಣ ಸ್ಪೀಕರು ಸಿಕ್ಕಿಸಿಕೊಳ್ಳುವ ಕಾಲ ಬಂದಿತ್ತು. ನನ್ನಂಥವರಿಗೆ ಕೆಲಸ ಕಡಿಮೆಯಾಯಿತು. ನನ್ನ ರೆಕ್ಸಿನ್ ಹರಿದಿತ್ತು, ಸದ್ದು ಹೊರಡಿಸುವ ಎದೆಯ ಕಾಗದ ಒಂದು ಕಡೆ ಸೀಳಿತ್ತು. ಗುರುಸಿದ್ಧ ಹಳೆಯದನ್ನೆಲ್ಲ ಗುಜರಿಗೆ ಹಾಕಿದ. ನನ್ನನ್ನು ಮಾತ್ರ ಆಟೋದಲ್ಲಿಟ್ಟುಕೊಂಡು ನೀಲವ್ವನ ಮನೆಗೆ ಬಂದ.

ಅವಳು ಹೊಲಿಗೆ ಯಂತ್ರದ ಮುಂದಿದ್ದಳು, ಏಳಲಿಲ್ಲ. ಇದು ಫಕೀರೇಶನದು, ನಿಮ್ಮ ಹತ್ತಿರ ಇರಲಿ ಎಂದ. ಅವಳು ಬಟ್ಟೆಗೆ ಸೂಜಿ ಚುಚ್ಚಿ ನಿಲ್ಲಿಸಿದಳು. ಆಮೇಲೆ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದಳು. ಆ ದಿನ ಬೆಳಿಗ್ಗೆ ಹಾಲು ತಾ ಎಂದು ಅವಳು ಅವನ ಬೆನ್ನ ಹಿಂದೆ ನಿಂತು ಕೂಗಿ ಕೂಗಿ ಸಾಕಾಗಿತ್ತು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತೇ ಇದ್ದ. ಸಿಟ್ಟಿಗೆ ಅಂದುಬಿಟ್ಟಿದ್ದಳು.

"ಮಂದಿ ಸೀಟಿ ಹೊಡದ್ರ ಕೇಳಸ್ತೈತಿ, ಅಕ್ಕ ಕರದ್ರ ಕೇಳ್ಸೂದಿಲ್ಲ. ಇದ್ದರೆಷ್ಟು, ಸತ್ತರೆಷ್ಟು ಅಂದೆ. ಹಾಲಿನ ಪಾತೇಲಿ ಅವನ ಮುಂದ ಕುಕ್ಕಿದೆ. ತಗೊಂಡು ಹ್ವಾದ. ಹೋಗೂ ಮುಂದ ನಕ್ಕ."

ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದುಕೊಂಡೇ ಇದ್ದಳು. "ಊರೆಲ್ಲಾ ಹಾಡಿನ ಸಲುವಾಗಿ ಸತ್ತಾ ಅಂತೈತಿ. ನನಗ ಗೊತ್ತೈತಿ, ನನ್ನ ಮಾತಿಗೇ ಸತ್ತಾನ."

ಗುರುಸಿದ್ಧ ನೆಲಕ್ಕೆ ಕೂತು, ನನ್ನ ಮೇಲೆ ಅಂಗೈ ಇಟ್ಟು ಹೇಳಿದ.

"ಅಕ್ಕಾರ, ಅವಂಗ ಕೇಳಸ್ತಿದ್ದಿಲ್ರಿ. ಎರಡೂ ಕಿವಿ ಹೋಗಿದ್ವು."

ಅವಳು ನಂಬಲಿಲ್ಲ. ಮತ್ತೆ ಅಷ್ಟು ಜನರ ಮುಂದೆ ಹೇಗೆ ಹಾಡುತ್ತಿದ್ದ ಎಂದು ಜಗಳಕ್ಕೆ ಬಂದವಳಂತೆ ಕೇಳಿದಳು. ಇದರ ಮೇಲೆ ಕಾಲಿಟ್ಟು, ಬಡಿತ ತಿಳಿದುಕೊಂಡು ಎಂದ. ಅವಳು ನನ್ನನ್ನು ನೋಡಿದಳು. ಎದ್ದು ಬಂದು ಕೂತಳು. ಅವಳ ಮುಖದಲ್ಲಿ ಒಂದೊಂದೇ ದಿನ ಹಿಂದಕ್ಕೆ ಹೋಗುತ್ತಿದ್ದುದು ಕಾಣುತ್ತಿತ್ತು. ಕರೆದರೆ ತಿರುಗದಿದ್ದದ್ದು, ಬಾಗಿಲು ಬಡಿದರೆ ತೆಗೆಯದಿದ್ದದ್ದು, ಕೇಳಿದ್ದಕ್ಕೆಲ್ಲ ನಕ್ಕು ಸುಮ್ಮನಾಗುತ್ತಿದ್ದದ್ದು.

"ಹಂಗಾರ ಹಾರ್ನ್ ಕೇಳಿಲ್ಲ."

"ಇಲ್ರಿ."

"ನಾ ಅಂದದ್ದು?"

"ಅದೂ ಕೇಳಿರಾಕಿಲ್ರಿ ಅಕ್ಕಾರ. ಪಾತೇಲಿ ಕಂಡಿರತೈತಿ, ಹಾಲಿಗೆ ಹೋಗ್ಯಾನ."

ನೀಲವ್ವ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ಅತ್ತಳೋ, ಉಸಿರು ಬಿಟ್ಟಳೋ ನನಗೆ ತಿಳಿಯಲಿಲ್ಲ, ಅವಳ ಬೆನ್ನು ನನ್ನ ಕಡೆಗಿತ್ತು. ಆಮೇಲೆ ಕಣ್ಣೊರೆಸಿಕೊಂಡು ಸಾದಾ ದನಿಯಲ್ಲಿ ಕೇಳಿದಳು: "ನಿಮಗ ಯಾವಾಗ ಗೊತ್ತಾತು?"

"ಆಮ್ಯಾಲ" ಎಂದ ಗುರುಸಿದ್ಧ. "ಎಲ್ಲಾ ಮುಗದ ಮ್ಯಾಲ ಕೂಡಿಸಿ ನೋಡಿದ್ನಿ, ತಿಳೀತು."

ಅವಳು ಒಳಗೆ ಹೋಗಿ ಚಹಾ ಮಾಡಿ ತಂದಳು.

ಒಂದು ವರ್ಷ ತಪ್ಪಿಸಿದ್ದ ಸ್ಮರಣೆಗೆ ಅವಳು ಈ ಸಲ ಹೋಗಿ ಬಂದಳು. ಮರಳಿ ಬಂದು ಪಕ್ಕದ ಮನೆಯವಳಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಸಚ್ಚಿಯನ್ನು ಪಕ್ಕಕ್ಕೆ ಕರೆದು ಎಲ್ಲ ತಿಳಿಸಿದಳಂತೆ. ಅವನು ಕೈಯಲ್ಲಿದ್ದ ಮಾಲೆಯ ಎಸಳು ಕೀಳುತ್ತ ನಿಂತನಂತೆ. ರೈಲಿನ ಮಾತು ಆ ಸಲ ಯಾರೂ ಆಡಲಿಲ್ಲ. ಹಾಡನ್ನು ಮತ್ತೆ ಎಳೆಯಲು ಶುರು ಮಾಡಿದಾಗ ನೀಲವ್ವ ಮೈಕು ಇಸಿದುಕೊಂಡು, ಅದು ಊಟದ ಹಾಡಪ್ಪಾ, ಜಲ್ದಿ ಹಾಡ್ರಿ ಎಂದಳಂತೆ. ಹಾಡಿದರಂತೆ. ಅರ್ಧಕ್ಕೆ ಅಳು ಬಂದು ನಿಲ್ಲಿಸಿದರಂತೆ.

ಈಗ ನಾನು ಅವಳ ಹೊಲಿಗೆ ಯಂತ್ರದ ಪಕ್ಕ ಇದ್ದೇನೆ. ಕತ್ತರಿಸಿದ ಬಟ್ಟೆಯ ಬುಟ್ಟಿ ನನ್ನ ಮೇಲಿದೆ. ಯಂತ್ರ ಓಡಿದಾಗ ನೆಲದ ಮೂಲಕ ಸಣ್ಣ ನಡುಕ ಬರುತ್ತದೆ. ಈ ವಯಸ್ಸಿಗೆ ಅಷ್ಟು ಸಾಕು. ಒಬ್ಬರಿಗೆ ಅವರ ದನಿಯನ್ನು ಅವರಿಗೇ ಕೇಳಿಸುವುದು ಒಳ್ಳೆಯ ಕೆಲಸ ಎಂದುಕೊಂಡೇ ಇಷ್ಟು ವರ್ಷ ದುಡಿದೆ. ಎಷ್ಟು ಕೇಳಿಸಬೇಕು ಎಂಬುದು ನನ್ನ ಕೈಯಲ್ಲಿರಲಿಲ್ಲ. ಅದು ಯಾರ ಕೈಯಲ್ಲಿತ್ತೋ ಅವನು ಆಗಾಗ ಬರುತ್ತಾನೆ. ನೀಲವ್ವ ಅವನನ್ನು ಈಗ ತಮ್ಮನ ಹಾಗೆ ನೋಡಿಕೊಳ್ಳುತ್ತಾಳೆ, ಊಟ ಮಾಡದೆ ಏಳಬಿಡುವುದಿಲ್ಲ. ಮಾತಿನ ನಡುವೆ ಅವನು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ಬರುತ್ತೇನೆ ಅಕ್ಕಾರ ಎಂದು ಎದ್ದುಹೋಗುತ್ತಾನೆ.

ತನಗೆ ಎರಡು ವರ್ಷ ಮೊದಲೇ ಗೊತ್ತಿತ್ತು ಎಂದು ಗುರುಸಿದ್ಧ ಅವಳಿಗೆ ಹೇಳಿಲ್ಲ. ನಿನ್ನ ಕಿವಿ ಹೋಗುತ್ತಿವೆ, ಹಾಡುವುದು ನಿಲ್ಲಿಸು ಎಂದು ಫಕೀರೇಶನಿಗೂ ಅವನು ಹೇಳಿರಲಿಲ್ಲ.