ಬಾಗಿಲ ಮೇಲಿನ ಟಿಕ್ಕು

ಎಲ್ಲಿಂದ ಶುರು ಮಾಡಲಿ? 'ಎರಡು ಸಾವಿರದ ನಾಲ್ಕರಲ್ಲಿ ನಗರದ ಕೊಳೆಗೇರಿಗಳಲ್ಲಿ ಎಚ್‌ಐವಿ ನಿಯಂತ್ರಣ...' ಎಂದು ಬರೆದಿದ್ದೆ. ನೀವು ಆಕಳಿಸಿದಿರಿ. ಹರಿದು ಹಾಕಿದೆ.

೧

ಕೋಕಿಲಾ ಹದಿನಾರು ವರ್ಷದಿಂದ ಸರ್ಕಾರಿ ಆರೋಗ್ಯ ಸಹಾಯಕಿ. ವಿಮಾನಪುರದಿಂದ ಬಸ್ಸು ಹಿಡಿದು ಬಂದು ಹಳೇ ಮದ್ರಾಸ್ ರಸ್ತೆ ಪಕ್ಕದ ಒಂದು ಕೊಳೆಗೇರಿಯಲ್ಲಿ ಮನೆಮನೆ ತಿರುಗುತ್ತಾಳೆ. (ಯಾವ ವಾರ್ಡು ಅಂತ ಕೇಳಬೇಡಿ. ಹೇಳಿದರೆ ಅವಳ ಕೆಲಸಕ್ಕೆ ಸಂಚಕಾರ.) ಪೋಲಿಯೋ ಹನಿ ಹಾಕಿ ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ತಾರೀಖು ಬರೆದು ಟಿಕ್ ಹಾಕುವುದು ಅವರ ಪದ್ಧತಿ.

ಆ ಸೋಮವಾರ ವಾರ್ಡಿನ ಆರೋಗ್ಯಾಧಿಕಾರಿ ಭಗವಂತರಾಯರು ಅವಳಿಗೆ ಒಂದು ಹೆಸರು ಕೊಟ್ಟರು. ಮಜೀದಾ. ಏಳು ತಿಂಗಳ ಬಸುರಿ, ಎಚ್‌ಐವಿ ಪಾಸಿಟಿವ್. ಹೆರಿಗೆ ನೋವು ಬಂದಾಗ ಒಂದು ಮಾತ್ರೆ ನುಂಗಿದರೆ ಕೂಸು ಸೋಂಕಿನಿಂದ ಉಳಿದುಕೊಳ್ಳಬಹುದು.

"ಒಪ್ಪಿಸಿ ಬನ್ರೀ. ಹೊಸದೇನಿಲ್ಲ, ಪೋಲಿಯೋ ಥರಾನೇ."

೨

ಮಜೀದಾ ಒಪ್ಪಿದಳು. ಚಹಾನೂ ಕೊಟ್ಟಳು. "ಯಾರ್ಗೂ ಗೊತ್ತಾಗಲ್ಲ ಅಲ್ವಾ ಅಕ್ಕಾ?"

"ನನ್ನಾಣೆ, ಗೊತ್ತಾಗಲ್ಲ. ಗುರುವಾರ ಮಾತ್ರೆ ತರ್ತೀನಿ."

ಕೋಕಿಲಾ ಹೊರಗೆ ಬಂದು ಚಪ್ಪಲಿ ಮೆಟ್ಟಿದಳು, ಬಾಗಿಲು ಎಳೆದುಕೊಂಡಳು...

(ಬೇಡ ಕೋಕಿಲಾ! ಎಂದು ಕೂಗಿದೆ. ಪಾತ್ರಗಳು ಲೇಖಕನ ಮಾತನ್ನು ಯಾವತ್ತು ಕೇಳಿವೆ?)

...ಗುರುವಾರದ ಮಾತ್ರೆಯ ಯೋಚನೆಯಲ್ಲೇ ಬಾಗಿಲ ಮೇಲೆ ತಾರೀಖು ಬರೆದು, ಟಿಕ್ ಹಾಕಿ, ಹೊರಟುಹೋದಳು. ತಾನೇನು ಮಾಡಿದೆ ಎಂಬ ಎಚ್ಚರವೇ ಅವಳಿಗಿರಲಿಲ್ಲ.

ಇಡೀ ಗಲ್ಲಿಗೆ ಟಿಕ್ ಬಿದ್ದದ್ದು ಅದೊಂದೇ ಬಾಗಿಲಿಗೆ. ಅದು ಪೋಲಿಯೋ ಭಾನುವಾರವಲ್ಲ, ಆ ಮನೆಯಲ್ಲಿ ಮಕ್ಕಳೂ ಇಲ್ಲ. ಆಸ್ಪತ್ರೆಯಲ್ಲಿ ಎಚ್‌ಐವಿ ರಕ್ತಪರೀಕ್ಷೆ ಮಾಡುವ 'ಆ ರೂಮಿನ' ಮುಂದೆ ಮಜೀದಾಳನ್ನು ಕಂಡಿದ್ದವಳೊಬ್ಬಳು ಈಗ ಬಾಯಿ ಬಿಟ್ಟಳು. ಮಂಗಳವಾರ ಬೀದಿ ನಲ್ಲಿಯ ಸಾಲಿನಿಂದ ಮಜೀದಾಳ ಕೊಡವನ್ನು ಕಾಲಲ್ಲಿ ಒದ್ದು ಆಚೆ ಹಾಕಿದರು.

ಗುರುವಾರ ಕೋಕಿಲಾ ಮಾತ್ರೆ ತಂದಳು. ಬಾಗಿಲಿಗೆ ಬೀಗ. ಬೀಗದ ಮೇಲುಗಡೆ ತನ್ನದೇ ಕೈಬರಹದ ತಾರೀಖು, ಟಿಕ್. ಮಜೀದಾ ಎಲ್ಲಿಗೆ ಹೋದಳೆಂದು ಗಲ್ಲಿಯಲ್ಲಿ ಯಾರೂ ಹೇಳಲಿಲ್ಲ.

೩ (ಅಂತ್ಯಗಳು. ಬೇಕಾದ್ದು ಆರಿಸಿಕೊಳ್ಳಿ.)

ಕೋಕಿಲಾ ಗಲ್ಲಿಯ ಎಲ್ಲ ಬಾಗಿಲಿಗೂ ಟಿಕ್ ಹಾಕುತ್ತಾಳೆ. ಚಪ್ಪಾಳೆ!

"ಅದು ನಿಮ್ಮ ಬುದ್ಧಿ ಸಾರ್," ಅಂದಳು ಕೋಕಿಲಾ. "ನಾನು ಸೆರಗಲ್ಲಿ ಒರೆಸ್ದೆ, ಅಷ್ಟೇ."

ಸರಿ, ಭಗವಂತರಾಯರು ಸಸ್ಪೆಂಡ್.

"ಯಾರೂ ಆಗಿಲ್ಲ. ರಿಜಿಸ್ಟರಲ್ಲಿ 'ಭೇಟಿ ಮಾಡಲಾಗಿದೆ' ಅಂತಿದೆ."

ನನಗೆ ರೇಗಿತು. ಹಾಗಾದರೆ ಮಜೀದಾ ಕೃಷ್ಣರಾಜಪುರದಲ್ಲಿ ಯಾರದೋ ಮನೆಯ ಹಿತ್ತಲಲ್ಲಿದ್ದಾಳೆ, ಅವಳಿಗೆ ನೋವು ಶುರುವಾಗಿದೆ, ಎಂದು ಬರೆಯತೊಡಗಿದೆ. ಕೋಕಿಲಾ ನನ್ನ ಪೆನ್ನು ಹಿಡಿದುಕೊಂಡಳು.

"ಮುಗಿಸ್ಬೇಡಿ ಸಾರ್, ನಿಮ್ಮ ದಮ್ಮಯ್ಯ. ಕೃಷ್ಣರಾಜಪುರದಲ್ಲಿ ಇನ್ನೂ ನಾಲ್ಕು ಗಲ್ಲಿ ಹುಡುಕೋದಿದೆ. ನೀವು ಮುಗಿಸಿದ್ರೆ ಆ ಕೂಸು ಹುಟ್ಟಿಬಿಡತ್ತೆ. ಮಾತ್ರೆ ಇನ್ನೂ ನನ್ನ ಬ್ಯಾಗಲ್ಲೇ ಇದೆ."