ಸಹಿ ಮೊದಲು

ಅಕ್ಷರಕ್ಕಿಂತ ಮೊದಲು ಸಹಿ ಕಲಿಸಬೇಕೆಂಬುದು ನನ್ನ ಯೋಜನೆ. ನಲವತ್ತು ದಾಟಿದವರನ್ನು ಕೂರಿಸಿ ಅ ಆ ಇ ಈ ಹೇಳಿಸಿದರೆ ಮೂರನೇ ದಿನಕ್ಕೆ ಅರ್ಧ ಬೆಂಚು ಖಾಲಿ. ಅದೇ, ತಮ್ಮ ಹೆಸರನ್ನು ತಾವೇ ಬರೆದ ದಿನ ಅವರ ಬೆನ್ನು ನೆಟ್ಟಗಾಗುತ್ತದೆ, ಮಾರನೆಯ ದಿನ ತಪ್ಪದೆ ಬರುತ್ತಾರೆ. ನಾಲ್ಕು ವಾರ ಸಹಿ, ಆಮೇಲೆ ಅಕ್ಷರ, ಆಮೇಲೆ ಓದು. ಇದನ್ನು ಹದಿನಾಲ್ಕು ಪುಟಗಳಲ್ಲಿ ಬರೆದುಕೊಟ್ಟೆ. ವಯಸ್ಕರ ಶಿಕ್ಷಣ ಕಚೇರಿಯ ಸಂಯೋಜಕಿ ಓದಿ, “ಇದು ನಡಿಯುತ್ತೆ” ಎಂದರು. ನಡೆಯಿತು. ವರ್ಷದೊಳಗೆ ಹನ್ನೊಂದು ಕೇಂದ್ರಗಳಿಗೆ ಹಬ್ಬಿತು. ಆ ಪುಟಗಳಲ್ಲಿದ್ದ ಇನ್ನೊಂದು ನಿಯಮವೂ ನನ್ನದೇ: ಓದುವವರು ತಡವರಿಸಿದರೆ ಅವರ ಬಾಯಿಗೆ ಪದ ತುರುಕಬಾರದು. ಕಾಯಬೇಕು. ‘ಹೂಂ’ ಎನ್ನಬೇಕು, ಅಷ್ಟೇ.

ನನ್ನ ಕೇಂದ್ರ ಇದ್ದದ್ದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ. ಪಕ್ಕದ ಹಬೆಗೆ ಬೋರ್ಡು ಬೆವೆತು ಸೀಮೆಸುಣ್ಣ ಹತ್ತುತ್ತಿರಲಿಲ್ಲ. ಕೋಣೆ, ಬೆಂಚು, ದೀಪ ಎಲ್ಲವೂ ಕಂಪನಿಯದೇ. ಇವರಿಗೇಕೆ ಇಷ್ಟು ಧಾರಾಳ ಎಂದು ನಾನು ಕೇಳಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡೆ.

ಇಸ್ತ್ರಿ ಅಕ್ಕ ಅಲ್ಲಿ ಹತ್ತೊಂಬತ್ತು ವರ್ಷದಿಂದ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದವಳು. ಕಾದ ಲೋಹ ಮುಟ್ಟಿ ಮುಟ್ಟಿ ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು.

“ನನ್ನ ಹೆಬ್ಬೆಟ್ಟು ಒತ್ತಿದ್ರೆ ಬರೀ ಮಸಿ ಬೀಳುತ್ತೆ ಮೇಷ್ಟ್ರೇ. ಯಾರದ್ದು ಅಂತ ದೇವರಿಗೂ ಗೊತ್ತಾಗಲ್ಲ. ಬೇಗ ಸಹಿ ಕಲಿಸಿ.”

ಮೂರೇ ವಾರಕ್ಕೆ ಕಲಿತಳು. ಕೊನೆಯ ಅಕ್ಷರಕ್ಕೆ ಒಂದು ಬಾಲವನ್ನೂ ಎಳೆದಳು. ಐದನೆಯ ವಾರ ಮ್ಯಾನೇಜರ್ ಕರೆದು, ಹೊಸ ಸಮವಸ್ತ್ರದ ಪಟ್ಟಿಗೆ ಸಹಿ ಬೇಕೆಂದ. ಅವಳು ಕೂತು, ಬಾಲ ಸಮೇತ ಸಹಿ ಹಾಕಿದಳು. ತಿಂಗಳ ಕೊನೆಯ ದಿನ, ನಾಳೆಯಿಂದ ಬರಬೇಡ ಎಂದರು. ಅವಳು ಸಹಿ ಹಾಕಿದ್ದ ಆ ಹಾಳೆ ರಾಜೀನಾಮೆ ಪತ್ರವಾಗಿತ್ತು.

ಹೆಬ್ಬೆಟ್ಟಿನವರಾದರೆ ಇಬ್ಬರು ಸಾಕ್ಷಿಗಳ ಮುಂದೆ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಬೇಕೆಂಬ ನಿಯಮವಿತ್ತು. ಸಹಿ ಹಾಕುವವರಿಗೆ ಯಾರೂ ಓದಿ ಹೇಳಬೇಕಾಗಿಲ್ಲ. ಸಹಿ ಎಂದರೆ ಓದಿದ ಹಾಗೆ. ಈ ನಿಯಮ ನನ್ನ ಹದಿನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ನನ್ನ ತರಗತಿಯ ಒಂಬತ್ತು ಜನ ಹೀಗೇ ಹೋದರು. ಎಂಟು ಜನ ಸುಮ್ಮನಾದರು. ಇಸ್ತ್ರಿ ಅಕ್ಕ ನನ್ನ ಮನೆಯ ಬಾಗಿಲಿಗೆ ಬಂದಳು.

“ನೀವು ತಪ್ಪು ಕಲಿಸಿದ್ರಿ ಅನ್ನಲ್ಲ. ಅರ್ಧ ಕಲಿಸಿದ್ರಿ. ಉಳಿದರ್ಧ ಈಗ ಕಲಿಸಿ. ಆ ಹಾಳೇಲಿ ಏನಿದೆ ಅಂತ ನಾನೇ ಓದ್ಬೇಕು.”

ಅವಳ ತಂಗಿ ದರ್ಜಿ. ಅವಳ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ, ಚೂರು ಬಟ್ಟೆಗಳನ್ನು ಬದಿಗೆ ಸರಿಸಿ, ನಾಲ್ಕು ತಿಂಗಳು ಪಾಠ ನಡೆಯಿತು. ತಂಗಿ ಹೊಲಿಗೆ ಯಂತ್ರ ತುಳಿಯುತ್ತಲೇ ರೇಗಿಸುತ್ತಿದ್ದಳು: “ಮೇಷ್ಟ್ರೇ, ಇವಳ ಜೊತೆ ಎಲ್ಲಿಗೂ ಹೋಗೋ ಹಾಗಿಲ್ಲ. ಬಸ್ಸಿನ ಬೋರ್ಡು ಓದಿ ಮುಗಿಸೋ ಹೊತ್ತಿಗೆ ಬಸ್ಸೇ ಹೋಗಿರುತ್ತೆ.”

“ಸುಮ್ನಿರೇ. ಹೋಗಿದ್ದು ಯಾವ ಬಸ್ಸು ಅಂತಾದ್ರೂ ಗೊತ್ತಾಯ್ತಲ್ಲ.”

ಅಷ್ಟರಲ್ಲಿ ವಕೀಲನೊಬ್ಬ ಸಿಕ್ಕಿದ್ದ; ದೂರು ಕಾರ್ಮಿಕ ಅಧಿಕಾರಿಯ ಮುಂದೆ ಹೋಯಿತು. ಸಹಿ ಹಾಕಿದಾಗ ಇವಳಿಗೆ ಓದು ಬರುತ್ತಿರಲಿಲ್ಲವೆಂದು ನಾನು ಬರೆದುಕೊಡಬೇಕಿತ್ತು. ಸಂಯೋಜಕಿಗೆ ತಿಳಿಸಿದೆ.

“ವರದಿಯಲ್ಲಿ ಏನಂತ ಬರೆದಿದ್ದೀರಿ ನೆನಪಿದೆಯಾ? ‘ಇಪ್ಪತ್ತೆರಡು ಮಂದಿ ಸಾಕ್ಷರರು.’ ನಿಮ್ಮ ಕೈಬರಹವೇ.”

“ಸಹಿ ಬಂದರೆ ಸಾಕ್ಷರ ಅಂತ ಲೆಕ್ಕ ಹಿಡಿಯೋದು ಕಚೇರಿ, ಮೇಡಂ.”

“ಆ ಲೆಕ್ಕದ ಮೇಲೇ ಹನ್ನೊಂದು ಕೇಂದ್ರ ನಿಂತಿದೆ. ಬರೆದುಕೊಡಿ, ಬೇಡ ಅನ್ನಲ್ಲ. ಆಮೇಲೆ ಈ ಕಡೆ ತಲೆ ಹಾಕಬೇಡಿ.”

ಬರೆದುಕೊಟ್ಟೆ. ಆ ಒಂದು ಸಂಜೆ ನನ್ನ ಮೇಲೆ ನನಗೇ ಗೌರವ ಬಂದಿತ್ತು.

ವಿಚಾರಣೆಯ ಹಿಂದಿನ ದಿನವೇ ವಕೀಲ ಅವಳಿಗೆ ಬಿಡಿಸಿ ಹೇಳಿದ್ದ: “ಆಗ ಬರ್ತಿರಲಿಲ್ಲ, ಈಗ ಬರುತ್ತೆ ಅಂದ್ರೆ ಯಾರೂ ನಂಬಲ್ಲ. ಓದು ಅಂದ್ರೆ ತಡವರಿಸಿ ನಿಲ್ಲಿಸಿಬಿಡಿ ಅಕ್ಕಾ. ನಿಮ್ಮ ಕೆಲಸ ನಿಮಗೆ ವಾಪಸ್ ಬರುತ್ತೆ.” ಅವಳು ತಲೆಯಾಡಿಸಿದ್ದಳು.

ವಿಚಾರಣೆಯ ಕೋಣೆ ಎರಡನೆಯ ಮಹಡಿಯಲ್ಲಿ. ತಂಗಿಯನ್ನು ಒಳಗೆ ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಒಳಗೆ ಮ್ಯಾನೇಜರ್ ಹಾಳೆಯನ್ನು ಅಧಿಕಾರಿಯತ್ತ ತಿರುಗಿಸಿದ. “ಸಹಿ ನೋಡಿ ಸರ್, ಎಷ್ಟು ಠೀವಿ. ಓದೋಕೆ ಬಾರದವರ ಕೈಯಾ ಇದು?”

ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ. “ಬಂದಷ್ಟು ಓದಮ್ಮ,” ಎಂದು ಹಾಳೆಯನ್ನು ಅವಳ ಮುಂದಿಟ್ಟರು.

ಆ ಹಾಳೆಯನ್ನು ಅವಳು ಮತ್ತೆ ನೋಡಿದ್ದು ಅವತ್ತೇ. ನುಣ್ಣನೆಯ ಬೆರಳನ್ನು ಮೊದಲ ಸಾಲಿನ ಕೆಳಗಿಟ್ಟಳು. “ನಾ... ನು... ನನ್ನ... ಸ್ವ...” ನಿಂತಳು. ಮತ್ತೆ, “ಸ್ವ...” ಬೆರಳು ಅಲ್ಲೇ ಉಳಿಯಿತು. ವಕೀಲ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, “ಬರಲ್ಲ ಅಂತ ಕಾಣುತ್ತೆ,” ಎಂದರು.

“ಹೂಂ,” ಎಂದೆ ನಾನು.

ಅಧಿಕಾರಿಗೆ ಹೇಳಿದ್ದಲ್ಲ. ಆರು ವರ್ಷಗಳ ಸಂಜೆ ಪಾಠಗಳಲ್ಲಿ ಓದುತ್ತ ನಿಂತುಹೋದ ಪ್ರತಿಯೊಬ್ಬರಿಗೂ ಹೇಳಿದ್ದು ಅದು. ಬೆರಳು ನಿಂತದ್ದು ಕಂಡದ್ದೇ ತಡ, ತಾನಾಗಿ ಬಾಯಿಗೆ ಬಂತು.

ಅವಳು ತಲೆಯೆತ್ತದೆ ಮುಂದಕ್ಕೆ ಹೊರಟಳು. “ಸ್ವಇಚ್ಛೆ... ಯಿಂದ... ಕೆಲಸ... ಬಿಡು... ತ್ತಿದ್ದೇನೆ.” ಎರಡನೆಯ ಸಾಲು ಮೊದಲಿನದಕ್ಕಿಂತ ಸಲೀಸಾಯಿತು. ದನಿ ಏರಿತು. ಕೊನೆಯ ಸಾಲನ್ನು ಒಂದೇ ಉಸಿರಿಗೆ ಓದಿದಳು: “ಈ ಪತ್ರವನ್ನು ನಾನೇ ಓದಿ, ಅರ್ಥ ಮಾಡಿಕೊಂಡು ಸಹಿ ಮಾಡಿದ್ದೇನೆ.”

“ಚೆನ್ನಾಗೇ ಓದ್ತೀಯಲ್ಲಮ್ಮ,” ಎಂದರು ಅಧಿಕಾರಿ, ಬೇಸರದಿಂದಲೇ, ಮತ್ತು ಬರೆಯತೊಡಗಿದರು. ವಕೀಲ ನನ್ನ ಮುಖ ನೋಡದೆ ಕಾಗದಗಳನ್ನು ಜೋಡಿಸಿಕೊಂಡ.

ಹೊರಗಿನ ಕಾರಿಡಾರಿಗೆ ಬಂದೆವು. ಅವಳೇ ಮಾತು ಶುರು ಮಾಡಿದಳು.

“ನಾನು ಬೇಕಂತಲೇ ನಿಲ್ಲಿಸಿದ್ದೆ.”

“ಗೊತ್ತು ಅಕ್ಕಾ.”

“ನೀವು ಹೂಂ ಅಂದ್ರಿ.”

“ತಪ್ಪಾಯ್ತು. ಬಾಯಿ ತಪ್ಪಿ...”

“ನೀವು ಹೂಂ ಅಂದ್ಮೇಲೆ ನಾನು ಯಾವತ್ತಾದ್ರೂ ಸುಮ್ನೆ ಕೂತಿದ್ದೀನಾ?” ಅವಳ ದನಿಯಲ್ಲಿ ಕೋಪವಿದ್ದಿದ್ದರೆ ಚೆನ್ನಾಗಿತ್ತು.

ಮೆಟ್ಟಿಲ ಮೇಲಿದ್ದ ತಂಗಿ ಎದ್ದು ಬಂದಳು. ಓದಬಾರದೆಂಬ ಏರ್ಪಾಡನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ಏನಾಯ್ತಕ್ಕ?”

“ಓದಿಸಿದ್ರು. ಓದಿದೆ.”

“ಪೂರ್ತಿನಾ?”

“ಪೂರ್ತಿ.”

ತಂಗಿಯ ಮುಖ ಅರಳಿತು. ಅಕ್ಕನ ಎರಡೂ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ, “ನಿಮ್ಮಿಂದಾನೇ ಮೇಷ್ಟ್ರೇ,” ಎಂದಳು.